ಮೆಟ್ನರ್ ಸೊಸೈಟಿ

ರಷ್ಯದ ಸಂಗೀತ ರಚನಕಾರ, ಪಿಯಾನೊ ವಾದಕ ನಿಕೊಲಾಯ್ ಮೆಟ್ನರ್ (1880–1951) ಅವರ ಕೃತಿಗಳ ಧ್ವನಿಮುದ್ರಣಕ್ಕಾಗಿ, ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ (1919–1974) ಅವರ ಧನಸಹಾಯದಿಂದ 1940ರ ದಶಕದ ಕೊನೆಯ ವರ್ಷಗಳಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಸಂಸ್ಥೆ. ಕರ್ನಾಟಕ ಸಂಗೀತದ ವಾಗ್ಗೇಯಕಾರರಾಗಿದ್ದಂತೆಯೇ ಪಿಯಾನೊ ವಾದನದಲ್ಲೂ ಪರಿಣತರಾಗಿದ್ದ ಒಡೆಯರ್, ಅಂದು ಹೆಚ್ಚು ಪ್ರಚಾರವಿಲ್ಲದ ಈ ರಚನಕಾರನನ್ನು ಆಯ್ದುಕೊಂಡದ್ದು ಅವರ ಅಭಿರುಚಿಯ ಸ್ವಂತಿಕೆಗೆ ಸಾಕ್ಷಿ. ವಾದ್ಯವೃಂದದೊಡನೆ ಪಿಯಾನೊ ನುಡಿಸುವ ಕೃತಿಗಳಾದ ಮೆಟ್ನರರ ಮೂರು ಕನ್ಸರ್ಟೊಗಳು ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದದ ಸಹಯೋಗದಲ್ಲಿ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯ ತಟ್ಟೆಗಳಲ್ಲಿ ಮುದ್ರಿತವಾದವು. ಪಿಟೀಲು ಮತ್ತು ಪಿಯಾನೊಗಳ ಜೋಡಿವಾದನಕ್ಕೆ ಅವರು ರಚಿಸಿದ ಮೂರು ಸೊನಾಟಾಗಳಲ್ಲಿ, ಅಂದರೆ ಹಲವು ಭಾಗಗಳುಳ್ಳ ವಾದ್ಯಕೃತಿಗಳಲ್ಲಿ, ಮೊದಲನೆಯದು ಪಿಟೀಲು ವಾದಕಿ ಸಿಸಿಲಿಯಾ ಹಾನ್ಸೆನ್ ಮತ್ತು ಸ್ವತಃ ಮೆಟ್ನರರ ವಾದನದಲ್ಲಿ ದಾಖಲಾಯಿತು. ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮೆಟ್ನರ್ ಒಡೆಯರಿಗೆ ಅರ್ಪಿಸಿದ್ದಾರೆ.