ಹಬ್ಬದ ಮಾತೂ ವೇಷದ ಮಾತೂ

ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರವು ಹಿಂದೆ ಮೈಸೂರು ಸಂಸ್ಥಾನದ ಉತ್ತರದ ಅಂಚಿನಲ್ಲಿದ್ದ ಊರು. ಅದರಾಚೆಯ ಬಳ್ಳಾರಿಯ ಸೀಮೆಯು 1800ರಲ್ಲಿ ನಿಜಾಮನಿಂದ ಆಂಗ್ಲ ಕಂಪನಿಗೆ ಸಂದು, 1953ರಲ್ಲಿ ಮೈಸೂರಿಗೆ ಸೇರುವವರೆಗೂ ಮದರಾಸಿನ ಆಡಳಿತದಲ್ಲಿದ್ದಿತು. ಕನ್ನಡ ತೆಲುಗುಗಳೆರಡೂ ಒಂದೇ ಜಗುಲಿಯ ಮೇಲೆ ಕುಳಿತು ಮಾತನಾಡುವ ಈ ಗಡಿನಾಡಿಗೆ ಇಂಗ್ಲಿಷು ಮೂರನೆಯ ನೆಂಟನಾಗಿ ಬಂದಿತು. ಬಳ್ಳಾರಿಯಲ್ಲಿ ದಂಡು ಇದ್ದಿತು. 1810ರಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವನು ಅಲ್ಲಿಗೆ ಬಂದು ನೆಲಸಿದನು. ಅವನ ಹಿಂದೆ ಬಂದ ವಿಲಿಯಂ ರೀವನು 1824ರಲ್ಲಿ ಇಂಗ್ಲಿಷು-ಕನ್ನಡ ನಿಘಂಟನ್ನೂ, 1832ರಲ್ಲಿ ಕನ್ನಡ-ಇಂಗ್ಲಿಷು ನಿಘಂಟನ್ನೂ ಹೊರತಂದನು. ಕಿಟ್ಟೆಲನ ಮಹಾಕೋಶವು ಮಂಗಳೂರಿನಲ್ಲಿ ಅಚ್ಚಾದುದು 1894ರಲ್ಲಿ. ಅದಕ್ಕೆ ಎಪ್ಪತ್ತು ವರ್ಷಗಳಷ್ಟು ಮುಂಚೆಯೇ ಈ ಸೀಮೆಯ ನುಡಿಯನ್ನು ಕೇಳಿದವನೊಬ್ಬನು ಎರಡು ಭಾಷೆಗಳ ನಡುವೆ ಸೇತುವೆ ಕಟ್ಟಿದ್ದನು.

ಆದರೆ ನಿತ್ಯದ ಮಾತು ಕೋಶಗಳಿಂದ ಕಲಿತುದಲ್ಲ, ಕಿವಿಯಿಂದ ಕಲಿತುದು. ಅದರಲ್ಲಿಯೂ ಹಬ್ಬದ ಮಾತು, ಉಡುಪಿನ ಮಾತು.

ಸಂಸ್ಕೃತದ ಪರ್ವವೇ ಕನ್ನಡದಲ್ಲಿ ಪಬ್ಬವಾಗಿ ಹಬ್ಬವಾಯಿತು. ಪರ್ವವೆಂದರೆ ಗಿಣ್ಣು, ಸಂಧಿ. ಬಿದಿರಿಗೆ ಗಿಣ್ಣು ಇರುವಂತೆ ಕಾಲಕ್ಕೆ ಹಬ್ಬ. ಇಂಗ್ಲಿಷಿನ ‘ಹಾಲಿಡೇ’ ಎಂಬುದೂ ಮೂಲದಲ್ಲಿ ಪವಿತ್ರವಾದ ದಿನವೆಂಬ ಅರ್ಥದ ಜೋಡುಪದವೇ. ಕ್ರಮೇಣ ಪವಿತ್ರತೆಯು ಸೋರಿಹೋಗಿ, ಕೆಲಸವಿಲ್ಲದ ದಿನವೆಂಬ ಅರ್ಥವಷ್ಟೇ ಅದರಲ್ಲಿ ಉಳಿಯಿತು. ಆ ಅರ್ಥಕ್ಕೆ ಕನ್ನಡದಲ್ಲಿ ಬೇರೆ ಮಾತೇ ಇದೆ: ರಜ. ಅದು ಅನುಮತಿಯೆಂಬ ಅರ್ಥದ ಅರಬೀ ಶಬ್ದ. ಕಚೇರಿಯ ಮೂಲಕ ಬಂದುದು. ಆದುದರಿಂದ ‘ನಾಳೆ ಹಬ್ಬ’ ಎಂಬುದನ್ನು ಹುಡುಗನು ‘ಹಾಲಿಡೇ’ ಎಂದು ಅನುವಾದಿಸಿದರೆ, ಶಾಲೆಗೆ ಬೀಗ ಹಾಕಿರುವುದು ತಿಳಿಯುತ್ತದೆಯೇ ಹೊರತು ಮನೆಯಲ್ಲಿ ಒಲೆ ಹೊತ್ತಿರುವುದು ತಿಳಿಯುವುದಿಲ್ಲ.

ಉಡುಪಿನ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಇಂಗ್ಲಿಷಿನವರಿಗೆ ‘ವೇರ್’ ಎಂಬ ಒಂದೇ ಕ್ರಿಯಾಪದ ಸಾಕು. ಕನ್ನಡಿತಿಯು ಸೀರೆಯನ್ನು ಉಡುತ್ತಾಳೆ, ಕುಪ್ಪಸವನ್ನು ತೊಡುತ್ತಾಳೆ, ಹೂವನ್ನು ಮುಡಿಯುತ್ತಾಳೆ, ಕುಂಕುಮವನ್ನು ಇಡುತ್ತಾಳೆ. ಅವಳ ಗಂಡನು ಕಂಬಳಿಯನ್ನು ಹೊದೆಯುತ್ತಾನೆ, ರುಮಾಲನ್ನು ಸುತ್ತುತ್ತಾನೆ, ಕೆರವನ್ನು ಮೆಟ್ಟುತ್ತಾನೆ. ಮೊಳಕಾಲ್ಮೂರಿನ ರೇಷ್ಮೆಯ ಸೀರೆಯನ್ನು ಯಾರೂ ‘ತೊಟ್ಟು’ ಹಬ್ಬಕ್ಕೆ ಹೊರಡುವುದಿಲ್ಲ. ಹೊಲಿದುದನ್ನು ತೊಡುವುದು, ಹೊಲಿಯದುದನ್ನು ಉಡುವುದು ಎಂಬ ವಿವೇಕವು ಕ್ರಿಯಾಪದದಲ್ಲಿಯೇ ಅಡಗಿದೆ. ಹೊಲಿದ ಪರದೇಶದ ಉಡುಪುಗಳು ಬಂದಾಗ ಕೋಟು, ಶರಟು, ಬೂಟುಗಳನ್ನು ಹೆಸರಿನ ಸಹಿತವಾಗಿಯೇ ಕೊಂಡುಕೊಂಡರು. ‘ಸಾಕ್ಸ್’ ಎಂಬುದನ್ನು ಮಾತ್ರ ಕಾಲುಚೀಲವೆಂದು ತಮ್ಮದಾಗಿ ಮಾಡಿಕೊಂಡರು. ಆ ಹೆಸರನ್ನಿಟ್ಟವನು ರಸಿಕನಾಗಿರಬೇಕು. ಇತ್ತ ಇಂಗ್ಲಿಷಿನವರೂ ಪೈಜಾಮವನ್ನೂ ಶಾಲನ್ನೂ ಹೆಸರಿನೊಡನೆಯೇ ಒಯ್ದರು. ಕಲ್ಲಿಕೋಟೆಯ ಹೆಸರು ಅವರ ಬಾಯಲ್ಲಿ ‘ಕ್ಯಾಲಿಕೊ’ ಎಂಬ ಬಟ್ಟೆಯಾಗಿ ಉಳಿದಿದೆ.

ಕಿವಿಯ ಕಲಿಕೆಯು ಎಷ್ಟರ ಮಟ್ಟಿಗೆ ಎಡವಬಲ್ಲದೆಂಬುದಕ್ಕೆ ಮೊಹರಮ್ಮಿನ ಕಥೆಯೇ ಸಾಕು. ಹಳೆಯ ಮೈಸೂರಿನ ಹಳ್ಳಿಗರು ಬಾಬಯ್ಯನ ಹಬ್ಬವೆಂದು ಕರೆದ ಈ ಪರ್ವದಲ್ಲಿ ಅಲಾಯಿಯ ಕುಣಿಯ ಸುತ್ತ ಮುಸಲ್ಮಾನರೊಡನೆ ಹಿಂದೂಗಳೂ ಸೇರುವರು. ಹಸನ್ ಹುಸೇನರಿಗಾಗಿ ಎದೆ ಬಡಿದುಕೊಂಡು ಶೋಕಿಸುವವರ ‘ಯಾ ಹಸನ್! ಯಾ ಹುಸೇನ್!’ ಎಂಬ ಕೂಗನ್ನು ಕೇಳಿದ ಡಚ್ಚರು ಅದನ್ನು ‘ಯಾಕ್ಸಮ್ ಬಾಕ್ಸಮ್’ ಎಂದರೆಂದು ವ್ಯಾಲೆಂಟೈನನ 1726ರ ಗ್ರಂಥದಿಂದ ತಿಳಿಯುತ್ತದೆ. ಆಂಗ್ಲ ಸಿಪಾಯಿಗಳ ಬಾಯಲ್ಲಿ ಅದು ‘ಹಾಬ್ಸನ್-ಜಾಬ್ಸನ್’ ಆಯಿತು. ಇಂಗ್ಲೆಂಡಿನ ಯಾರೋ ಇಬ್ಬರು ಅಂಗಡಿಕಾರರ ಹೆಸರಿನಂತೆ! ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಎಂಬವರು ಹಿಂದೂಸ್ಥಾನದಲ್ಲಿನ ಆಂಗ್ಲರ ಆಡುಮಾತಿಗೆ ಕೋಶವನ್ನು ರಚಿಸಿದಾಗ, 1886ರಲ್ಲಿ ಆ ಗ್ರಂಥಕ್ಕೆ ಇದೇ ಹೆಸರನ್ನಿಟ್ಟರು. ಬರ್ನೆಲನು ಆ ವೇಳೆಗೆ ತೀರಿಕೊಂಡು ನಾಲ್ಕು ವರ್ಷಗಳಾಗಿದ್ದುವು. ವಿನೋದಕ್ಕಾಗಿ ಇಟ್ಟ ಹೆಸರು ಅದು, ಸರಿಯೇ. ಆದರೆ ಒಂದು ಶೋಕದ ಕೂಗು ನಗೆಯ ಮಾತಾಗಿ ಕೋಶದ ಹಣೆಯ ಮೇಲೆ ಕುಳಿತಿತು.

ಬರ್ನೆಲನಿಗೆ ಕನ್ನಡ ನಾಡು ಹೊಸದಾಗಿರಲಿಲ್ಲ. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದು ತುಳುವರ ಪಾಡ್ದನಗಳನ್ನು ಸಂಗ್ರಹಿಸಿದ ವಿದ್ವಾಂಸನೀತ. ಅಷ್ಟಾದರೂ, ಅವನ ಮರಣಾನಂತರ ಅಚ್ಚಾದ ಆ ಸಂಗ್ರಹದ ತಲೆಬರಹದಲ್ಲಿ ಭೂತಾರಾಧನೆಯು ‘ಡೆವಿಲ್ ವರ್ಷಿಪ್’ ಆಯಿತು. ಮುಖಕ್ಕೆ ಅರದಾಳವನ್ನು ಬಳಿದು ಅಣಿ ಕಟ್ಟಿ ನಿಂತವನು ಊರಿನವರಿಗೆ ದೈವ; ಇಂಗ್ಲಿಷು ಓದುಗನಿಗೆ ಪಿಶಾಚಿ.

ಮೊಹರಮ್ಮಿನಲ್ಲಿ ವೇಷಗಳಿಗೂ ಸ್ಥಾನವುಂಟು. ಜಾಫರ್ ಷರೀಫನು ರಚಿಸಿ ಹರ್ಕ್‌ಲಾಟ್ಸನೆಂಬ ವೈದ್ಯನು ಇಂಗ್ಲಿಷಿಗೆ ತಂದ ‘ಕಾನೂನ್-ಎ-ಇಸ್ಲಾಂ’ ಎಂಬ 1832ರ ಗ್ರಂಥದಲ್ಲಿ ದಕ್ಷಿಣದೇಶದ ಮೊಹರಮ್ಮಿನ ವೇಷಧಾರಿಗಳನ್ನು ವಿಸ್ತಾರವಾಗಿ ವರ್ಣಿಸಿದೆ. ಕರ್ನಾಟಕದ ಅನೇಕ ಊರುಗಳಲ್ಲಿ ಹುಲಿವೇಷವನ್ನು ಹಾಕುವುದು ಹರಕೆಯಾಗಿ; ಮಗು ಬದುಕಿದರೆ, ರೋಗ ವಾಸಿಯಾದರೆ ಸಲ್ಲಿಸುವ ಋಣವಾಗಿ. ಈಗಿನ ಶಾಲೆಗಳಲ್ಲಿ ಅದೇ ಪಟ್ಟೆಗಳನ್ನು ಮೈಗೆ ಬಳಿಸಿಕೊಂಡ ಮಗುವು ‘ಫ್ಯಾನ್ಸಿ ಡ್ರೆಸ್’ ಸ್ಪರ್ಧೆಯಲ್ಲಿ ನಿಲ್ಲುತ್ತದೆ. ‘ಫ್ಯಾನ್ಸಿ’ ಎಂದರೆ ಕಲ್ಪನೆ, ಮನಸ್ಸಿನ ಲಹರಿ; ಹರಕೆಯೆಂದರೆ ಕಟ್ಟುಪಾಡು. ವಿಚಿತ್ರವೆಂದರೆ ಇಂಗ್ಲಿಷಿನ ‘ಕಾಸ್ಟ್ಯೂಮ್’ ಎಂಬ ಮಾತು ಇಟಲಿಯ ಭಾಷೆಯಿಂದ ಬಂದುದು, ಮತ್ತು ಅಲ್ಲಿ ಅದರ ಅರ್ಥ ರೂಢಿ, ಸಂಪ್ರದಾಯ. ‘ಕಸ್ಟಮ್’ ಎಂಬುದು ಅದರ ಒಡಹುಟ್ಟು. ಅವರಲ್ಲಿಯೂ ವೇಷವು ಒಮ್ಮೆ ನಡೆವಳಿಕೆಯ ಹೊರರೂಪವೇ ಆಗಿದ್ದಿತೆಂದು ಆ ಶಬ್ದವು ಇಂದಿಗೂ ಸಾಕ್ಷಿ ನುಡಿಯುತ್ತಿದೆ.

ತೇರಿನ ಗತಿಯೂ ಇಂತಹುದೇ. ಆಂಗ್ಲ ಅಧಿಕಾರಿಗಳು ರಥೋತ್ಸವವನ್ನು ‘ಕಾರ್ ಫೆಸ್ಟಿವಲ್’ ಎಂದು ಬರೆದರು. ಮೋಟಾರು ಹುಟ್ಟುವುದಕ್ಕೆ ಮೊದಲು ‘ಕಾರ್’ ಎಂಬುದು ಅವರ ಕಾವ್ಯಗಳಲ್ಲಿ ರಥಕ್ಕೆ ಸಲ್ಲುತ್ತಿದ್ದ ಗಂಭೀರವಾದ ಮಾತು. ಮೋಟಾರು ಬಂದ ಮೇಲೆ ಆ ಹೆಸರನ್ನು ಅದು ಕಸಿದುಕೊಂಡಿತು. ಪುರಿಯ ಜಗನ್ನಾಥನ ಹೆಸರಂತೂ, ಭಕ್ತರು ಚಕ್ರದಡಿಯಲ್ಲಿ ಬಿದ್ದು ಸಾಯುವರೆಂಬ ಪ್ರವಾಸಿಗಳ ಕಥೆಗಳ ದೆಸೆಯಿಂದ ‘ಜಗರ್‌ನಾಟ್’ ಎಂದಾಗಿ, ಎದುರಿಗೆ ಸಿಕ್ಕಿದುದನ್ನೆಲ್ಲ ಅರೆಯುವ ಕುರುಡುಶಕ್ತಿಗೆ ಹೆಸರಾಯಿತು.

ದೇವಸಮುದ್ರದ ಶಾಲೆಯ ಹುಡುಗಿಯೊಬ್ಬಳಿಗೆ ನೆರೆಯ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ಜಾತ್ರೆಯನ್ನು ಕುರಿತು ಇಂಗ್ಲಿಷಿನಲ್ಲಿ ಹತ್ತು ವಾಕ್ಯಗಳನ್ನು ಬರೆಯೆಂದು ಉಪಾಧ್ಯಾಯರು ಹೇಳಿದರೆ ಅವಳೇನು ಮಾಡಬೇಕು? ಫಾಲ್ಗುಣದಲ್ಲಿ ತಿಪ್ಪೇರುದ್ರಸ್ವಾಮಿಯ ದೊಡ್ಡ ತೇರು ಹೊರಡುತ್ತದೆ. ‘ಕಾರ್’ ಎಂದರೆ ಓದಿದವರು ನಗುವರು. ‘ಚಾರಿಯಟ್’ ಎಂದರೆ ಕುದುರೆ ಹೂಡಿದ ಯುದ್ಧರಥವು ಕಣ್ಣಮುಂದೆ ಬರುವುದು. ‘ತೇರು’ ಎಂದೇ ಬರೆದು, ಹಗ್ಗವನ್ನು ಹಿಡಿದು ಸಾವಿರಾರು ಜನ ಎಳೆಯುವರೆಂದು ಮುಂದಿನ ವಾಕ್ಯದಲ್ಲಿ ವಿವರಿಸುವುದೇ ಲೇಸು. ಜಾತ್ರೆಯಲ್ಲಿ ಭಕ್ತರು ಹರಕೆಯ ಕೊಬ್ಬರಿಯನ್ನು ಸುಡುವರು. ಇಲ್ಲಿ ಮಾತ್ರ ಅವಳು ಕೋಶವನ್ನು ತೆರೆಯಬೇಕಾಗಿಲ್ಲ: ಇಂಗ್ಲಿಷಿನ ‘ಕೊಪ್ರ’ ಎಂಬುದು ಮಲೆಯಾಳದ ಕೊಪ್ಪರವೇ, ಪೋರ್ತುಗೀಸರ ಹಡಗು ಹತ್ತಿ ಹೋದ ನಮ್ಮ ಕೊಬ್ಬರಿಯ ದಾಯಾದಿ. ಅದನ್ನು ಬೆಂಕಿಗೆ ಏಕೆ ಹಾಕುವರೆಂಬುದನ್ನು ಅವಳ ಅಜ್ಜಿಯನ್ನು ಕೇಳಿ ಬರೆಯಬೇಕು.