ಬೇರು ತುಳಿದ ಬಿಡಾರಗಳು

ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಮೊದಮೊದಲು ಜನ ಹಳ್ಳದ ದಡವೋ ಮರದ ನೆರಳೋ ಕಂಡಲ್ಲಿ ಡೇರೆ ಹಾಕುತ್ತಿದ್ದರು. 1920ರ ದಶಕದಲ್ಲಿ ಕಾರುಗಳು ನುಗ್ಗಿದವು. ಚಕ್ರಗಳಡಿ ಮಣ್ಣು ಗಟ್ಟಿಯಾಗಿ ಬೇರಿಗೆ ನೀರೂ ಗಾಳಿಯೂ ಇಳಿಯದಾಯಿತು.

ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಗಮನಿಸಿದವರು ಸಸ್ಯರೋಗತಜ್ಞ ಇ.ಪಿ. ಮೈನೆಕೆ. 1932ರಲ್ಲಿ ಅವರು ಸೂಚಿಸಿದ್ದು ಇಷ್ಟು: ಏಕಮುಖ ರಸ್ತೆ, ಪ್ರತಿ ಡೇರೆಗೂ ಕಾರು ನಿಲ್ಲಿಸಲು ಒಂದು ಕವಲು, ಅದನ್ನು ದಾಟದಂತೆ ಬಂಡೆ ಇಲ್ಲವೇ ದಿಮ್ಮಿ, ಕದಲದ ಒಲೆ, ಕದಲದ ಮೇಜು. ಮರಗಳ ಪರವಾಗಿ ಯೋಚಿಸಿದ ಈ ವಿನ್ಯಾಸಕ್ಕೆ ಇನ್ನೂ ಹೆಚ್ಚಿನ ಮನ್ನಣೆ ಸಲ್ಲಬೇಕು. ಮರುವರ್ಷ ಶುರುವಾದ ಸಿವಿಲಿಯನ್ ಕನ್ಸರ್ವೇಶನ್ ಕೋರ್ (ಸಿ.ಸಿ.ಸಿ.) ಎಂಬ ಯುವಕರ ದಳ ಇಂಥ ತಂಗುದಾಣಗಳನ್ನು ಕಟ್ಟಿತು.

ಹಳೆಯ ಪದ್ಧತಿ ಅಳಿಯಲಿಲ್ಲ. ದೂರದ ಕಾಡುಗಳಲ್ಲಿ ನಲ್ಲಿ, ಶೌಚಾಲಯ ಇಲ್ಲದ ಕಡೆ ಇಂದಿಗೂ ಬಿಡಾರ ಹೂಡಬಹುದು. ಸಾಮಾನ್ಯವಾಗಿ 14 ದಿನಗಳ ಮಿತಿ. ಕಸವನ್ನು ತಾವೇ ಹೊತ್ತು ತರಬೇಕು. ಬೆಂಕಿಗೆ ನೀರು ಸುರಿದು, ಬೂದಿ ಕೆದಕಿ, ತಣ್ಣಗಾಗಿದೆಯೇ ಎಂದು ಕೈಯಿಟ್ಟು ನೋಡಿಯೇ ಹೊರಡಬೇಕು.