ಇಬ್ಬರು ಹೊತ್ತೊಯ್ಯುವ ಡ್ರಮ್ ಸೆಟ್: ಊರೂರು ತಿರುಗುವ ವಾದ್ಯವೃಂದಕ್ಕೆ ಕೈಪಿಡಿ

ಗಡಿಭಾಗದ ನಮ್ಮ ಊರುಗಳಲ್ಲಿ ರಾಜ್ಯೋತ್ಸವ, ಯುಗಾದಿ, ಶಾಲಾ ವಾರ್ಷಿಕೋತ್ಸವ ಎಂದರೆ ಒಂದು ಹಾಡಿನ ಕಾರ್ಯಕ್ರಮ ಇದ್ದೇ ಇರುತ್ತದೆ. ಹಾಡುವವರು ಸಿಗುತ್ತಾರೆ, ಕೀಬೋರ್ಡು, ತಬಲಾ ಬಸ್ಸಿನಲ್ಲಿ ಬರುತ್ತವೆ. ನಿಲ್ಲುವುದು ಡ್ರಮ್ ಸೆಟ್. ಅದಕ್ಕಾಗಿಯೇ ಒಂದು ಟೆಂಪೊ ಮಾಡಬೇಕು, ಆ ಬಾಡಿಗೆ ಕೆಲವೊಮ್ಮೆ ಕಲಾವಿದರ ಸಂಭಾವನೆಯನ್ನೂ ಮೀರುತ್ತದೆ. ಹೀಗಾಗಿ ತಾಳವಾಡಿಯ ಕಡೆಯ ಸಣ್ಣ ಊರಿಗೋ, ಜತ್ತ ತಾಲ್ಲೂಕಿನ ಹಳ್ಳಿಗೋ ಪೂರ್ಣ ವಾದ್ಯವೃಂದ ಹೋಗುವುದೇ ಇಲ್ಲ. ಟ್ರ್ಯಾಕ್ ಹಾಕಿ ಹಾಡಿಸಿ ಮುಗಿಸುತ್ತಾರೆ, ನುಡಿಸಲು ಕಲಿತ ಹುಡುಗರು ಸಭೆಯಲ್ಲಿ ಕೂತು ನೋಡುತ್ತಾರೆ.

ಹಳೆಯ ಡ್ರಮ್ಮುಗಳಿಂದ ಚಿಕ್ಕ ಸೆಟ್ ಒಂದನ್ನು ಮಾಡಿಕೊಂಡರೆ ಈ ತೊಡಕು ಬಹುಪಾಲು ನೀಗುತ್ತದೆ. ಕೆಲಸ ತಿಳಿದ ಒಬ್ಬ ಬಡಗಿ, ನುಡಿಸುವ ಒಬ್ಬ ಹುಡುಗ, ಎರಡು ಭಾನುವಾರ ಸಾಕು. ಕ್ರಮವನ್ನು ಕೆಳಗೆ ವಿವರವಾಗಿ ಕೊಟ್ಟಿದೆ.

೧. ಮೊದಲು ಅಳತೆ

ಸಾಮಾನ್ಯ ಡ್ರಮ್ ಸೆಟ್‌ನಲ್ಲಿ 22 ಇಂಚಿನ ಬೇಸ್ ಡ್ರಮ್ (ಕಿಕ್), 14 ಇಂಚಿನ ಸ್ನೇರ್, 12 ಮತ್ತು 13 ಇಂಚಿನ ಎರಡು ಟಾಮ್, 16 ಇಂಚಿನ ಫ್ಲೋರ್ ಟಾಮ್, ಹೈಹ್ಯಾಟ್ ಮತ್ತು ಒಂದೆರಡು ಸಿಂಬಲ್ ಇರುತ್ತವೆ. ಸ್ಟ್ಯಾಂಡುಗಳೂ ಸೇರಿದರೆ ತೂಕ 40–50 ಕಿಲೋ ದಾಟುವುದು ಸುಲಭ. ಜಾಗ ಹೆಚ್ಚು ತಿನ್ನುವುದು ಕಿಕ್. ಚಿಕ್ಕ ಸೆಟ್‌ನ ಗುಟ್ಟು ಇಷ್ಟೇ: 16 ಇಂಚಿನ ಫ್ಲೋರ್ ಟಾಮನ್ನು ಅಡ್ಡ ಮಲಗಿಸಿ ಕಿಕ್ ಮಾಡಿಕೊಳ್ಳುವುದು, ಉಳಿದ ಡ್ರಮ್ಮುಗಳನ್ನು ಅದರ ಹೊಟ್ಟೆಯೊಳಗೆ ಇಡುವುದು.

ಅಳತೆಯನ್ನು ರೈಲಿನಿಂದ ತೆಗೆದುಕೊಳ್ಳೋಣ. ಬೋಗಿಯೊಳಗೆ ಒಯ್ಯುವ ಪೆಟ್ಟಿಗೆಗೆ ರೈಲ್ವೆ ಹಾಕಿರುವ ಮಿತಿ 100 × 60 × 25 ಸೆಂಟಿಮೀಟರ್. ಉಚಿತ ತೂಕ ಸ್ಲೀಪರ್‌ನಲ್ಲಿ ತಲಾ 40 ಕಿಲೋ, ಎರಡನೇ ದರ್ಜೆಯಲ್ಲಿ 35 ಕಿಲೋ. ಎಸಿ ಮೂರು ಟಯರ್‌ನಲ್ಲಿ ಪೆಟ್ಟಿಗೆಯ ಅಳತೆ ಇನ್ನೂ ಚಿಕ್ಕದು. 16 ಇಂಚು ಆಳದ ಫ್ಲೋರ್ ಟಾಮನ್ನು ನಡುವೆ ಕತ್ತರಿಸಿದರೆ ತಲಾ 8 ಇಂಚಿನ ಎರಡು ಹೋಳು. ರಿಂಗ್ ಸೇರಿ ಒಂದೊಂದು ಹೋಳಿನ ಎತ್ತರ ಸುಮಾರು 22 ಸೆಂಟಿಮೀಟರ್, ಲಗ್ಗುಗಳು ಸೇರಿ ಅಗಲ ಸುಮಾರು 46 ಸೆಂಟಿಮೀಟರ್. ಎರಡನ್ನೂ ಪಕ್ಕಪಕ್ಕ ಇಟ್ಟರೂ 100 ಸೆಂಟಿಮೀಟರಿನೊಳಗೆ ನಿಲ್ಲುತ್ತದೆ. ಬಸ್ಸಿನಲ್ಲೂ ಡಿಕ್ಕಿಯ ಗೊಡವೆ ಇಲ್ಲದೆ ಒಯ್ಯಬಹುದು.

೨. ಫ್ಲೋರ್ ಟಾಮ್ ಆರಿಸುವುದು

ಬಣ್ಣ ಹೋಗಿದ್ದರೆ, ರಿಂಗ್ ತುಕ್ಕು ಹಿಡಿದಿದ್ದರೆ ಚಿಂತೆಯಿಲ್ಲ. ನೋಡಬೇಕಾದ್ದು ಮೂರು.

ಒಂದು, ದುಂಡಗಿರಬೇಕು. ಚರ್ಮ ತೆಗೆದು ವ್ಯಾಸವನ್ನು ನಾಲ್ಕು ಕಡೆ ಅಳೆಯಿರಿ. ಎರಡು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬೇರೆ ನೋಡಿ. ಎರಡು, ಪ್ಲೈವುಡ್ ಪದರ ಬಿಟ್ಟಿರಬಾರದು. ಬೆರಳಿನಿಂದ ಸುತ್ತಲೂ ತಟ್ಟುತ್ತಾ ಹೋದರೆ ಬಿಟ್ಟ ಜಾಗದಲ್ಲಿ ಟೊಳ್ಳು ಸದ್ದು ಬರುತ್ತದೆ. ಮೂರು, ಲಗ್ಗುಗಳು ಮೇಲೊಂದು ಕೆಳಗೊಂದು ಬಿಡಿಬಿಡಿಯಾಗಿರಬೇಕು. ಮೇಲಿನಿಂದ ಕೆಳಗಿನವರೆಗೆ ಒಂದೇ ಉದ್ದನೆಯ ಲಗ್ ಇದ್ದರೆ ನಡುವೆ ಕತ್ತರಿಸಲು ಬರುವುದಿಲ್ಲ.

ಪ್ಲೈವುಡ್ ಬಗ್ಗಿಸಿ ಹೊಸ ಕೊಳಗ ಮಾಡುವ ಗೋಜಿಗೆ ಮನೆಯಲ್ಲಿ ಹೋಗಬೇಡಿ. ಅಚ್ಚು ಇಲ್ಲದೆ ದುಂಡು ಬರುವುದಿಲ್ಲ. ದುಂಡು ಇಲ್ಲದ ಡ್ರಮ್ಮಿಗೆ ಶ್ರುತಿ ನಿಲ್ಲುವುದಿಲ್ಲ.

೩. ಎರಡು ಹೋಳು ಮಾಡುವುದು

ಇಲ್ಲಿ ಕೆಲಸದ ಅನುಕ್ರಮ ಮುಖ್ಯ. ಕೊಕ್ಕೆಗಳ ತೂತು ಮೊದಲು, ಗರಗಸ ಆಮೇಲೆ.

ನೇರ ಅಂಚಿರುವ ಚಾರ್ಟ್ ಕಾಗದದ ಪಟ್ಟಿಯನ್ನು ಕೊಳಗಕ್ಕೆ ಬಿಗಿಯಾಗಿ ಸುತ್ತಿ. ಪಟ್ಟಿಯ ಎರಡು ತುದಿ ಒಂದರ ಮೇಲೊಂದು ಸರಿಯಾಗಿ ಕೂತರೆ ಆ ಅಂಚು ಓರೆಯಿಲ್ಲದ ಗೆರೆ. ಅದರ ಗುಂಟ ಪೆನ್ಸಿಲ್ ಎಳೆಯಿರಿ. ಗೆರೆಯ ಮೇಲೆ ನಾಲ್ಕು ಕಡೆ, ಲಗ್ಗುಗಳ ಸಾಲಿಗೆ ಅಡ್ಡ ಬರದಂತೆ, ಟ್ರಂಕಿಗೆ ಹಾಕುವಂಥ ಎಳೆದು ಬಿಗಿಯುವ ಕೊಕ್ಕೆ ಚಿಲಕ ಇಟ್ಟು ತೂತು ಗುರುತಿಸಿ, ಕೊರೆಯಿರಿ. ಪ್ರತಿ ಚಿಲಕದ ಬಳಿ ಮೇಲೆ ಕೆಳಗೆ ಒಂದೇ ಅಂಕಿ ಬರೆಯಿರಿ. ಚಿಲಕ ಬಿಚ್ಚಿಟ್ಟು, ಗೆರೆಯ ಮೇಲೆ ಕಾಗದದ ಟೇಪ್ ಅಂಟಿಸಿ, ಸಣ್ಣ ಹಲ್ಲಿನ ಗರಗಸದಿಂದ ನಿಧಾನವಾಗಿ ಕತ್ತರಿಸಿ. ಟೇಪ್ ಇದ್ದರೆ ಮೇಲಿನ ಪದರ ಸಿಬಿರೇಳುವುದಿಲ್ಲ.

ಕತ್ತರಿಸಿದ ಅಂಚನ್ನು ಸಮ ಮಾಡಲು 120 ನಂಬರಿನ ಉಪ್ಪುಕಾಗದವನ್ನು ಗ್ರಾನೈಟ್ ಕಟ್ಟೆಯ ಮೇಲೆ ಅಂಟಿಸಿ, ಹೋಳನ್ನು ಬೋರಲು ಹಾಕಿ ವೃತ್ತಾಕಾರವಾಗಿ ಉಜ್ಜಿ. ಆಮೇಲೆ ಕತ್ತಲೆ ಕೋಣೆಯಲ್ಲಿ ಕಟ್ಟೆಯ ಮೇಲೆ ಟಾರ್ಚ್ ಹಚ್ಚಿಟ್ಟು ಅದರ ಮೇಲೆ ಹೋಳನ್ನು ಬೋರಲು ಇಡಿ. ಅಂಚಿನಡಿಯಿಂದ ಎಲ್ಲಿ ಬೆಳಕು ಸೋರುತ್ತದೋ ಅಲ್ಲಿ ತಗ್ಗಿದೆ ಎಂದರ್ಥ. ಸೋರುವುದು ನಿಲ್ಲುವವರೆಗೆ ಉಜ್ಜಬೇಕು.

ಒಂದು ಹೋಳಿನ ಒಳಮೈಗೆ, ಅಂಚಿನಿಂದ ಒಂದು ಇಂಚು ಹೊರಚಾಚುವಂತೆ, ತೆಳು ಮರದ ನಾಲ್ಕು ತುಂಡುಗಳನ್ನು ಅಂಟು ಹಾಕಿ ಸ್ಕ್ರೂ ಮಾಡಿ. ಜೋಡಿಸುವಾಗ ಇನ್ನೊಂದು ಹೋಳು ಇದರ ಮೇಲೆ ಜಾರಿ ಕೂರುತ್ತದೆ, ಅಕ್ಕಪಕ್ಕ ಸರಿಯುವುದಿಲ್ಲ. ಹೋಳುಗಳ ನಡುವೆ ತೆಳು ಬಟ್ಟೆಯ ಪಟ್ಟಿ ಕೊಟ್ಟರೆ ಕಟಕಟ ಸದ್ದು ಬರುವುದಿಲ್ಲ. ಒಳಮೈಗೆ ಎರಡು ಕೈ ಪಾಲಿಶ್ ಕೊಡಿ. ಕತ್ತರಿಸಿದ ಪ್ಲೈ ಅಂಚು ಕಾಸರಗೋಡು, ವಯನಾಡಿನ ಮಳೆಗಾಲದಲ್ಲಿ ತೇವ ಹೀರದಂತೆ ಅದಕ್ಕೂ ಬಳಿಯಬೇಕು.

ಚರ್ಮ ಕೂರುವ ಮೇಲಿನ ಅಂಚುಗಳನ್ನು ಮುಟ್ಟುವ ಅಗತ್ಯವಿಲ್ಲ. ಅವು ಕಾರ್ಖಾನೆಯಲ್ಲೇ ಸುಮಾರು 45 ಡಿಗ್ರಿ ಓರೆ ಕೊಟ್ಟಂಥವು. ಸಣ್ಣ ಗೀರು ಇದ್ದರೆ ಮೇಣದಬತ್ತಿ ಉಜ್ಜಿದರೆ ಸಾಕು.

೪. ಪೆಡಲ್ ಎತ್ತರ

ಚಿಕ್ಕ ಕಿಕ್ ಮಾಡುವವರು ಮೊದಲು ಎಡವುವುದು ಇಲ್ಲೇ. 22 ಇಂಚಿನ ಡ್ರಮ್ಮಿನ ನಡುಬಿಂದು ನೆಲದಿಂದ 28 ಸೆಂಟಿಮೀಟರ್ ಮೇಲೆ. ಪೆಡಲಿನ ಗುಂಡು ಬಡಿಯುವುದು ಹೆಚ್ಚುಕಡಿಮೆ ಆ ಎತ್ತರದಲ್ಲಿ. 16 ಇಂಚಿನದರ ನಡುಬಿಂದು 20 ಸೆಂಟಿಮೀಟರ್. ನೆಲದ ಮೇಲೆ ಹಾಗೇ ಇಟ್ಟರೆ ಗುಂಡು ನಡುವಿಗಿಂತ ಬಹಳ ಮೇಲೆ ಬಡಿದು ಸದ್ದು ತೆಳುವಾಗುತ್ತದೆ. ಆದ್ದರಿಂದ ಡ್ರಮ್ಮನ್ನು 5ರಿಂದ 7 ಸೆಂಟಿಮೀಟರ್ ಎತ್ತಬೇಕು.

ಇದಕ್ಕೆ ಗಟ್ಟಿ ಮರದ ದಿಮ್ಮಿಯೊಂದನ್ನು ಡ್ರಮ್ಮಿನ ದುಂಡಿಗೆ ಹೊಂದುವಂತೆ ಕೊರೆಸಿ, ಪೆಡಲ್ ಕಚ್ಚಿಕೊಳ್ಳಲು ಅದಕ್ಕೆ ಒಂದು ಕಬ್ಬಿಣದ ಪಟ್ಟಿ ಬೋಲ್ಟ್ ಮಾಡಿಸಿ. ಪೆಡಲ್ ರಿಂಗನ್ನು ಕಚ್ಚದೆ ಈ ಪಟ್ಟಿಯನ್ನು ಕಚ್ಚಿದರೆ ರಿಂಗ್ ಸೊಟ್ಟಗಾಗುವುದಿಲ್ಲ. ದಿಮ್ಮಿ ಮತ್ತು ರಿಂಗ್ ಸೇರುವಲ್ಲಿ ಸೈಕಲ್ ಟ್ಯೂಬಿನ ತುಂಡು ಹಾಕಿ. ಮುಂಭಾಗಕ್ಕೆ ಎರಡು ಕಾಲು ಬೇಕು. ಫ್ಲೋರ್ ಟಾಮಿನ ಹಳೆಯ ಮೂರು ಕಾಲಿನ ಹಿಡಿಗಳನ್ನು ಬಿಚ್ಚಿ, ಎರಡನ್ನು ಮುಂದಿನ ಹೋಳಿನ ಇಕ್ಕೆಲದಲ್ಲಿ ಹೊರಚಾಚಿದ ಓರೆಯಲ್ಲಿ ಕೂರಿಸಬಹುದು. ಹಿಂದೆ ದಿಮ್ಮಿ, ಮುಂದೆ ಎರಡು ಕಾಲು, ಹೀಗೆ ಮೂರು ಆಧಾರವಿದ್ದರೆ ಏರುತಗ್ಗಿನ ವೇದಿಕೆಯ ಮೇಲೂ ಅಲುಗಾಡುವುದಿಲ್ಲ. ಖಾಲಿಯಾದ ತೂತುಗಳನ್ನು ಮರದ ಗೂಟ ಹೊಡೆದು ಮುಚ್ಚಿ.

೫. ಸ್ನೇರ್ ಮತ್ತು ಟಾಮ್

ಸ್ನೇರ್ 12 ಇಂಚು ಅಗಲ, 5 ಇಂಚು ಆಳದ್ದು ಸಾಕು. ರಿಂಗ್, ತಂತಿ ಬಿಗಿಯುವ ಹಿಡಿ ಸೇರಿ ಅದು ಕಿಕ್ಕಿನ ಹೋಳಿನೊಳಗೆ ಕೂರುತ್ತದೆ. ಇದನ್ನು ಸಿದ್ಧವಾಗಿ ಕೊಳ್ಳುವುದೇ ಒಳ್ಳೆಯದು. ತಂತಿ ಚರ್ಮಕ್ಕೆ ಒತ್ತಿ ಕೂರಲು ಕೆಳ ಅಂಚಿನ ಎದುರುಬದಿರು ಎರಡು ಕಡೆ ಎರಡು ಮೂರು ಮಿಲಿಮೀಟರ್ ತಗ್ಗು ಕೊಡಬೇಕಾಗುತ್ತದೆ, ಅದು ನುರಿತ ಕೈಯ ಕೆಲಸ.

ಟಾಮ್ ಮಾತ್ರ ಮನೆಯಲ್ಲಿ ಆಗುವಂಥದ್ದು. 10 ಇಂಚಿನ ಹಳೆಯ ಟಾಮನ್ನು ಮೇಲ್ಭಾಗದಿಂದ 6 ಇಂಚಿಗೆ ಅಳೆದು ಕತ್ತರಿಸಿ ಕೆಳಭಾಗವನ್ನು ತೆರೆದೇ ಬಿಡಿ. ಕೆಳಚರ್ಮ ಇಲ್ಲದ ಟಾಮಿನ ನಾದ ಗಿಡ್ಡ, ಪೆಟ್ಟು ಸ್ಪಷ್ಟ, ತೂಕವೂ ಕಡಿಮೆ. ಇದಕ್ಕೆ ಬೇರೆ ಕಾಲು ಬೇಡ. ಸಿಂಬಲ್ ಸ್ಟ್ಯಾಂಡಿಗೇ ಒಂದು ಕ್ಲಾಂಪ್ ಹಾಕಿ ತೂಗಿಸಬಹುದು.

೬. ಸಿಂಬಲ್, ಸ್ಟ್ಯಾಂಡ್, ಕೋಲು

ಸಿಂಬಲ್ ಮನೆಯಲ್ಲಿ ಮಾಡುವ ವಸ್ತುವಲ್ಲ. 13 ಅಥವಾ 14 ಇಂಚಿನ ಹೈಹ್ಯಾಟ್ ಜೊತೆ, 18 ಇಂಚಿನ ಒಂದು ಸಿಂಬಲ್ ಕೊಂಡರೆ ಸಾಕು. ಒಳ್ಳೆಯವು 80 ಭಾಗ ತಾಮ್ರ, 20 ಭಾಗ ತವರದ ಕಂಚಿನವು. ಹಿತ್ತಾಳೆಯದು ಅಗ್ಗ, ಆದರೆ ಸದ್ದು ತಟ್ಟೆ ಬಡಿದಂತೆ. ಹಣವಿದ್ದಷ್ಟನ್ನು ಇಲ್ಲಿ ಹಾಕಿ, ಕೊಳಗದ ಅಂದಕ್ಕೆ ಹಾಕಬೇಡಿ. ಸ್ಟ್ಯಾಂಡುಗಳು ಕಾಲು ನೆಲಕ್ಕೆ ಚಪ್ಪಟೆಯಾಗಿ ಹರಡುವ ಹಳೆಯ ಮಾದರಿಯವಾದರೆ ಹಗುರ.

ಭಾವಗೀತೆ, ವಚನಗಳಿಗೆ ಕೋಲಿನ ಪೆಟ್ಟು ಜೋರಾಗುತ್ತದೆ. ಮೂರು ಮಿಲಿಮೀಟರ್ ದಪ್ಪದ, 40 ಸೆಂಟಿಮೀಟರ್ ಉದ್ದದ 19 ಬಿದಿರು ಕಡ್ಡಿಗಳನ್ನು ಕಟ್ಟಿದರೆ ಒಳ್ಳೆಯ ಮೆದು ಕೋಲಾಗುತ್ತದೆ. ನಡುವೆ ಒಂದು, ಸುತ್ತ 6, ಅದರ ಸುತ್ತ 12, ಹೀಗೆ 19 ಆದರೆ ಕಟ್ಟು ತಾನಾಗಿ ದುಂಡಾಗುತ್ತದೆ. ಹಿಡಿಯ ಭಾಗಕ್ಕೆ ಬಟ್ಟೆ ಟೇಪ್, ತುದಿಯಿಂದ ಕಾಲುಭಾಗದಲ್ಲಿ ಒಂದು ರಬ್ಬರ್ ಬ್ಯಾಂಡ್. ಬ್ಯಾಂಡನ್ನು ಹಿಂದೆ ಮುಂದೆ ಸರಿಸಿದರೆ ಸದ್ದು ಬದಲಾಗುತ್ತದೆ.

೭. ಶ್ರುತಿ

ಪ್ಲಾಸ್ಟಿಕ್ ಚರ್ಮವನ್ನೇ ಬಳಸಿ. ಪ್ರಾಣಿಯ ಚರ್ಮ ತೇವಕ್ಕೆ ಸಡಿಲವಾಗಿ ಬಿಸಿಲಿಗೆ ಬಿಗಿಯುತ್ತದೆ. ನೀಲಗಿರಿಯ ಮಂಜಿನಲ್ಲಿ ಕೂಡಿಸಿದ ಶ್ರುತಿ ಆದೋನಿಯ ಬೇಸಿಗೆಯಲ್ಲಿ ಉಳಿಯದು. ಸ್ಕ್ರೂಗಳನ್ನು ಮೊದಲು ಬೆರಳಲ್ಲೇ ಬಿಗಿ ಮಾಡಿ, ಆಮೇಲೆ ಕೀಲಿಯಿಂದ ಅರ್ಧರ್ಧ ಸುತ್ತು, ಯಾವಾಗಲೂ ಎದುರುಬದುರಾಗಿ. ಕಿಕ್ಕಿಗೆ ಚರ್ಮದ ಸುಕ್ಕು ಹೋಗುವಷ್ಟು ಬಿಗಿ ಸಾಕು. ಒಳಗೆ ಒಂದು ಹಳೆಯ ಟವೆಲ್ ಮಡಿಸಿ ಪೆಡಲಿನ ಕಡೆಯ ಚರ್ಮಕ್ಕೆ ತಾಗುವಂತೆ ಇಡಿ. ಮುಂದಿನ ಚರ್ಮದಲ್ಲಿ, ನಡುವೆ ಅಲ್ಲ, ಬದಿಗೆ ನಾಲ್ಕು ಇಂಚಿನ ತೂತು ಇದ್ದರೆ ಮೈಕ್ ಇಡಲು ಅನುಕೂಲ. ಮೈಕಿಲ್ಲದೆ ನೂರು ಜನ ಕೂರುವ ಸಭಾಂಗಣಕ್ಕೆ ಈ ಸೆಟ್ ಸಾಲುತ್ತದೆ. ಬಯಲಿಗೆ ಕಿಕ್ಕಿಗೊಂದು ಮೈಕ್ ಬೇಕೇ ಬೇಕು.

೮. ಕಟ್ಟುವುದು, ಒಯ್ಯುವುದು

ಒಟ್ಟು ನಾಲ್ಕು ಚೀಲ:
- ಮೊದಲ ಹೋಳು, ಒಳಗೆ ಹಳೆ ಕಂಬಳಿ ಸುತ್ತಿದ ಸ್ನೇರ್.
- ಎರಡನೇ ಹೋಳು, ಒಳಗೆ ಟಾಮ್, ಟಾಮಿನೊಳಗೆ ಕ್ಲಾಂಪ್ ಮತ್ತು ಟವೆಲ್.
- ಸಿಂಬಲ್ ಚೀಲ, ನಡುನಡುವೆ ಬಟ್ಟೆ, ಕೋಲುಗಳು.
- ಸ್ಟ್ಯಾಂಡ್, ಪೆಡಲ್, ದಿಮ್ಮಿ, ಕಾಲುಗಳು, ಕೀಲಿ, ಬಿಡಿ ಸ್ಕ್ರೂ, ಟೇಪ್.

ಕಡೆಯ ಚೀಲವೇ ಭಾರ. ಅದನ್ನು ಇಬ್ಬರೂ ಸರದಿಯಲ್ಲಿ ಹೊರಬೇಕು. ಕೂರಲು ಸ್ಟೂಲ್ ಒಯ್ಯಬೇಡಿ. ಸುಮಾರು 45–50 ಸೆಂಟಿಮೀಟರ್ ಎತ್ತರದ ಗಟ್ಟಿ ಸ್ಟೂಲ್ ಒಂದನ್ನು ಕಾರ್ಯಕ್ರಮದವರಿಗೆ ಮೊದಲೇ ಹೇಳಿಟ್ಟರೆ ಸಿಗುತ್ತದೆ. ನುಣುಪು ಕಲ್ಲಿನ ನೆಲದ ಮೇಲೆ ಕಿಕ್ ಮುಂದೆ ಜಾರುತ್ತದೆ, ಆದ್ದರಿಂದ ನಾಲ್ಕಡಿ ಅಗಲದ ಒಂದು ಜಮಖಾನೆಯನ್ನೂ ಕೇಳಿ. ನುಡಿಸುವವನ ಸ್ಟೂಲಿನ ಕಾಲು ಆ ಜಮಖಾನೆಯ ಮೇಲೇ ಇರಬೇಕು. ಅವನ ತೂಕವೇ ಅದನ್ನು ಹಿಡಿದಿಡುತ್ತದೆ.

ದಿಂಬಂ ಘಾಟಿಯ 27 ತಿರುವು ಇಳಿದ ಮೇಲೆ ಬೋಲ್ಟುಗಳು ಸಡಿಲವಾಗಿರುವುದು ಸಹಜ. ಎಲ್ಲಕ್ಕೂ ಸ್ಪ್ರಿಂಗ್ ವಾಷರ್ ಹಾಕಿಸಿ. ಕರಾವಳಿಯವರು ಸ್ಟೇನ್‌ಲೆಸ್ ಸ್ಕ್ರೂ ಬಳಸಿ. ವಯನಾಡು, ನೀಲಗಿರಿಗೆ ಹೋಗಿಬರುವವರು ಇನ್ನೊಂದನ್ನು ಗಮನದಲ್ಲಿಡಿ: ಬಂಡೀಪುರದ ಮೂಲಕ ಗುಂಡ್ಲುಪೇಟೆ ಕಡೆ ಬರುವ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಬಿಚ್ಚಿ ಕಟ್ಟಲು ಹತ್ತು ನಿಮಿಷ ಸಾಕಾಗುವ ಸೆಟ್ ಅಲ್ಲಿ ಒಂದು ರಾತ್ರಿಯ ವಸತಿ ಖರ್ಚನ್ನು ಉಳಿಸಬಲ್ಲದು.

೯. ಇದರ ಮಿತಿ

ಮೆರವಣಿಗೆಗೆ, ಕುಣಿತಕ್ಕೆ ಇದು ಆಗದು. ಅಲ್ಲಿ ಡೊಳ್ಳು, ತಮಟೆಯೇ ಸರಿ. ಯಕ್ಷಗಾನದ ಚೆಂಡೆ ಮದ್ದಳೆಯ ಜಾಗವನ್ನೂ ಇದು ಕೇಳುವುದಿಲ್ಲ. ರಿದಂ ಪ್ಯಾಡ್ ಇದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಪ್ಯಾಡ್ ಚೆನ್ನಾಗಿಯೇ ಇದೆ, ಆದರೆ ಅದಕ್ಕೆ ಕರೆಂಟು ಬೇಕು, ಸ್ಪೀಕರ್ ಬೇಕು. ಕಲಿಯುವ ಮಗುವಿಗೆ ಪೆಟ್ಟಿನ ತೂಕ ಕೈಗೆ ಹತ್ತುವುದು ನಿಜವಾದ ಚರ್ಮದ ಮೇಲೆ.

ಡ್ರಮ್ ಸೆಟ್ ಹುಟ್ಟಿದ್ದೂ ಜಾಗ ಮತ್ತು ಜನ ಉಳಿಸಲೆಂದೇ. ಅಮೆರಿಕದ ರಂಗಮಂದಿರಗಳಲ್ಲಿ ಇಬ್ಬರು ಮೂವರು ನುಡಿಸುತ್ತಿದ್ದುದನ್ನು ಕಾಲಿನ ಪೆಡಲ್ ಬಂದ ಮೇಲೆ ಒಬ್ಬನೇ ನುಡಿಸತೊಡಗಿದ. ವಿಲಿಯಂ ಲುಡ್ವಿಗ್ ಅವರ ಪೆಡಲಿಗೆ ಪೇಟೆಂಟ್ ಸಿಕ್ಕಿದ್ದು 1909ರಲ್ಲಿ. ನಾವು ಮಾಡುತ್ತಿರುವುದು ಅದೇ ಲೆಕ್ಕದ ಮುಂದುವರಿಕೆ.

ಸದಸ್ಯರ ಮನೆಗಳಲ್ಲಿ, ಶಾಲೆಗಳ ಉಗ್ರಾಣಗಳಲ್ಲಿ ಒಡಕಲು ಎಂದು ಮೂಲೆಗೆ ಬಿದ್ದ ಫ್ಲೋರ್ ಟಾಮ್‌ಗಳಿದ್ದರೆ ಮಾರಿಬಿಡುವ ಮುನ್ನ ನಿಮ್ಮ ಘಟಕದ ಗಮನಕ್ಕೆ ತನ್ನಿ. ಸೆಟ್ ಸಿದ್ಧವಾದ ಮೇಲೆ ನಾಲ್ಕು ಚೀಲಗಳ ಸಾಮಾನು ಪಟ್ಟಿಯನ್ನು ಎರಡು ಪ್ರತಿ ಬರೆಯಿರಿ. ಒಂದು ದಾಸ್ತಾನು ಪುಸ್ತಕದಲ್ಲಿರಲಿ, ಇನ್ನೊಂದು ಸ್ಟ್ಯಾಂಡ್ ಚೀಲದ ಒಳಗೆ. ಪ್ರತಿ ಕಾರ್ಯಕ್ರಮದ ನಂತರ ಬಸ್ಸು ಹತ್ತುವ ಮೊದಲು ಪಟ್ಟಿ ನೋಡಿ ಎಣಿಸುವುದು ಕಡ್ಡಾಯ. ಪರ ಊರಲ್ಲಿ ಉಳಿದುಹೋದ ಒಂದು ಕೀಲಿಯಿಂದ ಮುಂದಿನ ಊರಿನ ಕಾರ್ಯಕ್ರಮ ನಿಲ್ಲಬಾರದು.

– ಕಾರ್ಯದರ್ಶಿ